ಸರ್ಕಾರ ಬದಲಾಯ್ತು, ಕಾರ್ಮಿಕ ಕಾಯ್ದೆಯೂ ಬದಲಾಯ್ತಾ? ಕಲಬುರಗಿ ಭಾಗದ ಸಣ್ಣ ವ್ಯಾಪಾರಿಗಳಿಗೆ ಮಾರ್ಗದರ್ಶಿ

“ಹೊಸ ಸರ್ಕಾರ ಬಂತಲ್ರೀ, ಇನ್ನ ಹಳೇ ಕಾಯ್ದೆ ನಡೀತದೋ ಇಲ್ಲೋ?” ಚುನಾವಣೆ ಮುಗಿದು ಹೊಸಬರು ಕುರ್ಚಿ ಮೇಲೆ ಕೂತಾಗಲೆಲ್ಲ ಈ ಮಾತು ಗಂಜ್ ಮಾರುಕಟ್ಟೆಯಲ್ಲಿ ಕೇಳಿಬರುತ್ತದೆ. ಕಲಬುರಗಿಯ ದಾಲ್ ಮಿಲ್ಲಿನವರು ಕೇಳುತ್ತಾರೆ. ಶಹಾಬಾದ್ ಫರ್ಸಿ ಕಲ್ಲು ಪಾಲಿಶ್ ಮಾಡಿಸುವವರು ಕೇಳುತ್ತಾರೆ. ಬೀದರ್‌ನ ಬಟ್ಟೆ ಅಂಗಡಿಯವರು, ಯಾದಗಿರಿಯ ಹತ್ತಿ ಜಿನ್ನಿಂಗ್‌ನವರು, ಹುಮನಾಬಾದ್ ರಸ್ತೆಯ ಧಾಬಾದವರು ಎಲ್ಲರಿಗೂ ಇದೇ ಚಿಂತೆ.

ಚಿಂತೆ ಸುಳ್ಳಲ್ಲ. 2018ರಿಂದ 2023ರ ಒಳಗೆ ನಮ್ಮ ರಾಜ್ಯದಲ್ಲಿ ಮೂರು ಸಲ ಸರ್ಕಾರ ಬದಲಾಯಿತು. ಅದರ ನಡುವೆ ಕೇಂದ್ರದಲ್ಲಿ ಹಳೆಯ 29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳೊಳಗೆ (ಲೇಬರ್ ಕೋಡ್) ಸೇರಿಸಲಾಯಿತು. ವಾಟ್ಸಾಪಿನಲ್ಲಿ ವಾರಕ್ಕೊಂದು ಸುದ್ದಿ ಬರುತ್ತದೆ. ದೊಡ್ಡ ಕಂಪನಿಯಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಎಂಟು ಜನ ಕೆಲಸಗಾರರಿರುವ ಅಂಗಡಿಯಲ್ಲಿ ಗಲ್ಲಾ, ಮಾಲು, ಪಗಾರ, ಕಾನೂನು ಎಲ್ಲವೂ ಮಾಲೀಕರ ತಲೆ ಮೇಲೆಯೇ. ಅಂಥವರಿಗಾಗಿ ಈ ಲೇಖನ.

ಸರ್ಕಾರ ಹೋದರೂ ಕಾಯ್ದೆ ಹೋಗುವುದಿಲ್ಲ

ಕಾಯ್ದೆ ಮಾಡುವುದು ಶಾಸನಸಭೆ. ಅದನ್ನು ತೆಗೆಯಬೇಕೆಂದರೂ ಶಾಸನಸಭೆಯೇ ತೆಗೆಯಬೇಕು. ಮುಖ್ಯಮಂತ್ರಿ ಬದಲಾದ ದಿನ ಯಾವ ಕಾಯ್ದೆಯೂ ತಾನಾಗಿ ಬಿದ್ದುಹೋಗುವುದಿಲ್ಲ. ಹೊಸ ಸರ್ಕಾರ ತಿದ್ದುಪಡಿ ತಂದು, ಅದು ಪಾಸಾಗಿ, ರಾಜ್ಯಪತ್ರದಲ್ಲಿ (ಗೆಜೆಟ್) ಬಂದು, ಜಾರಿಯಾಗುವ ತನಕ ಹಳೆಯದೇ ನಡೆಯುತ್ತದೆ.

ನಮ್ಮಲ್ಲೇ ಆದ ಒಂದು ಉದಾಹರಣೆ ನೋಡಿ. ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆವರೆಗೆ ಕೆಲಸಕ್ಕೆ ಅವಕಾಶ ಕೊಡುವ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿದ್ದು 2023ರ ಫೆಬ್ರವರಿಯಲ್ಲಿ. ಆಗ ಇದ್ದದ್ದು ಬಿಜೆಪಿ ಸರ್ಕಾರ. ಮೇ ತಿಂಗಳಲ್ಲಿ ಕಾಂಗ್ರೆಸ್ ಸರ್ಕಾರ ಬಂತು. “ಇನ್ನ ಅದು ರದ್ದಾಗ್ತದ” ಎಂದು ಎಷ್ಟೋ ಜನ ಅಂದುಕೊಂಡರು. ಅದು ರದ್ದಾಗಲಿಲ್ಲ, ಅದೇ ವರ್ಷ ಜಾರಿಗೆ ಬಂತು. ಅದರಲ್ಲಿ ವಾರಕ್ಕೆ 48 ಗಂಟೆಯ ಮಿತಿ ಹಾಗೇ ಉಳಿದಿತ್ತು ಎನ್ನುವುದನ್ನು ಮಾತ್ರ ತುಂಬ ಜನ ಗಮನಿಸಲಿಲ್ಲ. ದಿನಾ 12 ಗಂಟೆ, ವಾರಕ್ಕೆ ಆರು ದಿನ ದುಡಿಸಬಹುದು ಅಂತ ತಿಳಿದರೆ ಅದು ತಪ್ಪು ಲೆಕ್ಕ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಒಂದು ಕಾಯ್ದೆ ರದ್ದಾದರೂ, ಅದು ಜಾರಿಯಲ್ಲಿದ್ದ ಕಾಲದ ಬಾಕಿ ಸಾಮಾನ್ಯವಾಗಿ ರದ್ದಾಗುವುದಿಲ್ಲ. ಹೋದ ವರ್ಷದ ಪಿಎಫ್ (ಭವಿಷ್ಯ ನಿಧಿ) ಕಟ್ಟಿಲ್ಲ ಅಂದರೆ ಅದು ಬಾಕಿಯೇ. “ಕಾಯ್ದೆನೇ ಹೋಯ್ತಲ್ಲ” ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಸದನ ನಡೆಯದಿದ್ದಾಗ ಸರ್ಕಾರ ಹೊರಡಿಸುವ ಸುಗ್ರೀವಾಜ್ಞೆಯದು ಮಾತ್ರ ಬೇರೆ. ಸದನ ಮತ್ತೆ ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ಹಾಗಾಗಿ ಸುಗ್ರೀವಾಜ್ಞೆ ಬಂದಿದೆ ಅಂತ ಕೇಳಿದರೆ ಅದು ಮುಂದೆ ಕಾಯ್ದೆಯಾಯಿತಾ ಎಂದು ಮತ್ತೊಮ್ಮೆ ವಿಚಾರಿಸಿ.

ಮೊದಲ ಹೆಜ್ಜೆ: ಸುದ್ದಿ ಯಾವ ಹಂತದ್ದು ಅಂತ ಕೇಳಿ

ಪತ್ರಿಕೆಯಲ್ಲಿ “ಹೊಸ ನಿಯಮ” ಎಂದು ದೊಡ್ಡ ಅಕ್ಷರದಲ್ಲಿ ಬಂದರೆ ಗಾಬರಿ ಬೀಳಬೇಡಿ. ಆ ಸುದ್ದಿ ಬರೀ ಸಚಿವರ ಹೇಳಿಕೆಯಾ? ಸಂಪುಟ ಒಪ್ಪಿದ್ದಾ? ಆಕ್ಷೇಪಣೆಗೆ ಬಿಟ್ಟ ಕರಡಾ? ಸದನದಲ್ಲಿ ಪಾಸಾದ ಮಸೂದೆಯಾ? ಜಾರಿಯ ದಿನಾಂಕದ ಜತೆ ರಾಜ್ಯಪತ್ರದಲ್ಲಿ ಬಂದದ್ದಾ? ಕೊನೆಯದು ಆಗಿದ್ದರೆ ಮಾತ್ರ ಅಂಗಡಿಯ ಲೆಕ್ಕಪುಸ್ತಕ ಬದಲಿಸಿ.

2024ರ ಜುಲೈ ನೆನಪಿದೆಯಲ್ವಾ? ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿತು. ಕೆಲವೇ ದಿನದಲ್ಲಿ ಸರ್ಕಾರವೇ ಅದನ್ನು ತಡೆಹಿಡಿಯಿತು. ನಮ್ಮ ಭಾಗದಲ್ಲಿ ಇದರ ಜತೆಗೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬೇರೆ ಸೇರಿಕೊಂಡು ಗೊಂದಲ ಜಾಸ್ತಿಯಾಯಿತು. 371ಜೆ ಮೀಸಲಾತಿ ಸರ್ಕಾರಿ ನೌಕರಿಗೆ ಮತ್ತು ಶಿಕ್ಷಣದ ಸೀಟಿಗೆ ಸಂಬಂಧಪಟ್ಟದ್ದು. ನಿಮ್ಮ ಕಿರಾಣಿ ಅಂಗಡಿಯಲ್ಲಿ ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬುದನ್ನು ಅದು ಹೇಳುವುದಿಲ್ಲ.

2025ರಲ್ಲಿ ಅಂಗಡಿಗಳ ಕೆಲಸದ ಸಮಯ ಹೆಚ್ಚಿಸುವ ಪ್ರಸ್ತಾವ ಬಂತು. ಮೂರು ತಿಂಗಳಿಗೆ 50 ಗಂಟೆ ಇರುವ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸುವ ಮಾತು ಅದರಲ್ಲಿತ್ತು. ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಪ್ರಸ್ತಾವ ಓದಿದ ಮಾತ್ರಕ್ಕೆ ಹುಡುಗರನ್ನು ರಾತ್ರಿ ಹನ್ನೊಂದರವರೆಗೆ ಕೂರಿಸಿಕೊಂಡರೆ ಮಾಲೀಕರೇ ಸಿಕ್ಕಿಬೀಳುತ್ತಾರೆ. ಅದೇ ವರ್ಷ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಏರಿಸುವ ಕರಡು ಅಧಿಸೂಚನೆಯೂ ಬಂತು. ಕರಡಿನ ದರ ನೋಡಿ ಕಂಗಾಲಾದವರೂ ಇದ್ದಾರೆ, ಕರಡೇ ತಾನೇ ಅಂತ ಈಗಿನ ದರವನ್ನೂ ಕೊಡದೆ ಬಿಟ್ಟವರೂ ಇದ್ದಾರೆ. ಎರಡೂ ಸರಿಯಲ್ಲ. ಅಂತಿಮ ಅಧಿಸೂಚನೆ ಬರುವ ತನಕ ಜಾರಿಯಲ್ಲಿರುವ ದರವನ್ನು ತುಟ್ಟಿಭತ್ಯೆ ಸೇರಿಸಿ ಕೊಡಲೇಬೇಕು. ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಸರ್ಕಾರ ಯಾವುದೇ ಇರಲಿ, ಏಪ್ರಿಲ್ ಪಗಾರ ಮಾಡುವ ಮುಂಚೆ ಹೊಸ ಪಟ್ಟಿ ತೆಗೆದು ನೋಡುವ ರೂಢಿ ಇಟ್ಟುಕೊಳ್ಳಿ.

ನೋಡುವುದು ಎಲ್ಲಿ? ರಾಜ್ಯದ್ದಾದರೆ ಕರ್ನಾಟಕ ರಾಜ್ಯಪತ್ರದ ಜಾಲತಾಣ, ಕೇಂದ್ರದ್ದಾದರೆ ಇ-ಗೆಜೆಟ್. ಅಧಿಸೂಚನೆಯ ಸಂಖ್ಯೆ, ದಿನಾಂಕ ಎರಡೂ ಇಲ್ಲದ ಫಾರ್ವರ್ಡ್ ಮೆಸೇಜ್ ನಂಬಬೇಡಿ. ನಿಮ್ಮ ಲೆಕ್ಕಿಗರು “ಹೊಸ ರೂಲ್ ಬಂದಿದೆ” ಎಂದರೆ ಅದರ ಪ್ರತಿ ಕೇಳಿ. ಅದನ್ನು ಕೇಳಿದರೆ ಯಾರಿಗೂ ಅವಮಾನ ಆಗುವುದಿಲ್ಲ.

ಎರಡನೇ ಹೆಜ್ಜೆ: ತಲೆ ಎಣಿಸಿ

ಯಾವ ಕಾಯ್ದೆ ನಿಮಗೆ ತಾಗುತ್ತದೆ ಎಂಬುದು ಬಹುಪಾಲು ಕೆಲಸಗಾರರ ಸಂಖ್ಯೆಯ ಮೇಲೆ ನಿಂತಿದೆ. ಒಂದು ಹಾಳೆ ತಗೊಂಡು ಎಲ್ಲರ ಹೆಸರು ಬರೆಯಿರಿ. ದಿನಗೂಲಿಯವರು, ಅರ್ಧ ದಿನ ಬರುವವರು, ಮೇಸ್ತ್ರಿ ಮೂಲಕ ಬಂದವರು ಎಲ್ಲರನ್ನೂ ಸೇರಿಸಿ. ರಾಜ್ಯದ ಅಂಗಡಿ ಕಾಯ್ದೆಯ (ಇದರ ವಿವರ ಮುಂದೆ ಇದೆ) ಲೆಕ್ಕದಲ್ಲಿ ಮಾಲೀಕರ ಮನೆಯವರು ನೌಕರರಲ್ಲ, ಗಲ್ಲಾ ಮೇಲೆ ಕೂರುವ ಹೆಂಡತಿ ಮಕ್ಕಳನ್ನು ಬಿಡಬಹುದು.

ಒಬ್ಬನೇ ಕೆಲಸಗಾರ ಇದ್ದರೂ ಕನಿಷ್ಠ ವೇತನ ಕೊಡಬೇಕು. ಹಿಂದೆ ಅದು ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇತ್ತು. ವೇತನ ಸಂಹಿತೆ ಬಂದ ಮೇಲೆ ಆ ಪಟ್ಟಿಯ ಕಟ್ಟು ಇಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಡುವಂತಿಲ್ಲ, ಇದರಲ್ಲಿ ಎರಡು ಮಾತಿಲ್ಲ. ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ.

ಹತ್ತು ಜನ ಆದರೆ ದಾರಿ ಬದಲಾಗುತ್ತದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಬರುತ್ತದೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು) ಬರುತ್ತದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಮಾಡಬೇಕು, ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯ ಹೆಣ್ಣುಮಕ್ಕಳು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇಪ್ಪತ್ತು ಜನ ಆದರೆ ಪಿಎಫ್ ಮತ್ತು ಬೋನಸ್. ಬೋನಸ್ ಕನಿಷ್ಠ 8.33 ಪ್ರತಿಶತ.

ಇಎಸ್‌ಐ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಇದನ್ನು ಸುಮ್ನೆ ಖರ್ಚು ಅಂತ ನೋಡುವವರು ಬಹಳ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರಿಗೆ ಇದು ಅನ್ವಯ. ಮಾಲೀಕರು 3.25 ಪ್ರತಿಶತ, ಕೆಲಸಗಾರರು 0.75 ಪ್ರತಿಶತ ಕಟ್ಟಬೇಕು. 15,000 ವೇತನದ ಮೇಲೆ ಮಾಲೀಕರ ಪಾಲು 487 ರೂಪಾಯಿ 50 ಪೈಸೆ, ಕೆಲಸಗಾರರ ಪಾಲು 112 ರೂಪಾಯಿ 50 ಪೈಸೆ. ದಾಲ್ ಮಿಲ್ಲಿನಲ್ಲಿ ಬೆಲ್ಟಿಗೆ ಕೈ ಸಿಕ್ಕರೆ, ಫರ್ಸಿ ಕಡಿಯುವಾಗ ಕಲ್ಲು ಕಾಲ ಮೇಲೆ ಬಿದ್ದರೆ, ಆಸ್ಪತ್ರೆ ಖರ್ಚು ಒಂದು ಸಣ್ಣ ವ್ಯಾಪಾರವನ್ನೇ ಮುಳುಗಿಸಬಹುದು. ಕಲಬುರಗಿಯಲ್ಲೇ ಇಎಸ್‌ಐ ಆಸ್ಪತ್ರೆ, ಮೆಡಿಕಲ್ ಕಾಲೇಜು ಇದೆ. ಬೇರೆ ಎಷ್ಟೋ ಜಿಲ್ಲೆಗಳವರಿಗೆ ಈ ಅನುಕೂಲ ಇಲ್ಲ. ಸಮಯಕ್ಕೆ ಹೆಸರು ನೋಂದಾಯಿಸಿದ್ದರೆ ಚಿಕಿತ್ಸೆಯೂ ಸಿಗುತ್ತದೆ, ರಜೆಯ ದಿನಗಳ ಹಣವೂ ಸಿಗುತ್ತದೆ.

ಈಗ ಒಂದು ಬಲೆಯ ಬಗ್ಗೆ ಹೇಳುತ್ತೇನೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕರೆಂಟ್ ಬಳಸುವ ಘಟಕದಲ್ಲಿ 10 ಜನ ಇದ್ದರೆ ಅದು ಕಾರ್ಖಾನೆ ಆಗಿತ್ತು. ಕೆಲಸದ ಜಾಗದ ಸುರಕ್ಷತೆಯ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20 ಆಗಿದೆ, ಕರೆಂಟ್ ಇಲ್ಲದ ಕಡೆ 40. ಹದಿನಾಲ್ಕು ಜನರ ಮಿಲ್ ನಡೆಸುವವರು “ನಾವು ಹೊರಗೆ ಬಂದೆವು, ಇನ್ನು ಸುರಕ್ಷತೆ ಗಿರಕ್ಷತೆ ಏನೂ ಬೇಕಾಗಿಲ್ಲ” ಎಂದು ತಿಳಿಯಬಾರದು. ಅದೇ ಸಂಹಿತೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳನ್ನು ಬೇರೆ ಬಾಗಿಲಿನಿಂದ ಒಳಗೆ ತರುತ್ತದೆ. ಲೈಸೆನ್ಸ್ ನವೀಕರಣ ಬಿಡುವ ಮುಂಚೆ ಕಾರ್ಖಾನೆಗಳ ಇಲಾಖೆಗೆ ಒಂದು ಪತ್ರ ಬರೆದು ಉತ್ತರ ಪಡೆಯಿರಿ.

ಮೂರನೇ ಹೆಜ್ಜೆ: 2025ರ ನವೆಂಬರ್ 21ರಿಂದ ಏನಾಯಿತು, ತಿಳಿದುಕೊಳ್ಳಿ

ನಾಲ್ಕು ಸಂಹಿತೆಗಳಲ್ಲಿ ವೇತನದ್ದು 2019ರಲ್ಲಿ ಪಾಸಾಯಿತು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯ ಈ ಮೂರೂ 2020ರಲ್ಲಿ ಪಾಸಾದವು. ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಐದು ವರ್ಷ “ಬಂತು, ಬಂತು” ಅಂತ ಕೇಳಿ ಕೇಳಿ ಬೇಸತ್ತವರಿಗೆ, ನಿಜವಾಗಿ ಬಂದ ದಿನ ಅದರ ಕಡೆ ಗಮನವೇ ಇರಲಿಲ್ಲ.

ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಕೇಂದ್ರವೂ ಕಾಯ್ದೆ ಮಾಡಬಹುದು, ರಾಜ್ಯವೂ ಮಾಡಬಹುದು. ಸಂಹಿತೆ ಕೇಂದ್ರದ್ದು. ನಮ್ಮ ಅಂಗಡಿ, ಮಿಲ್ಲುಗಳಿಗೆ ಬೇಕಾದ ನಿಯಮ, ನಮೂನೆಗಳನ್ನು ಬಹುಪಾಲು ರಾಜ್ಯ ಮಾಡಬೇಕು. ಹೊಸ ನಿಯಮ ಬರುವ ತನಕ, ಸಂಹಿತೆಗೆ ವಿರುದ್ಧವಾಗದ ಹಳೆಯ ನಿಯಮಗಳೇ ಮುಂದುವರಿಯುತ್ತವೆ ಎಂದು ಸಂಹಿತೆಗಳಲ್ಲೇ ಬರೆದಿದೆ. ರಾಜ್ಯದಲ್ಲಿ ಸರ್ಕಾರ ಬದಲಾದಾಗ ಹೆಚ್ಚಾಗಿ ಅಲುಗಾಡುವುದು ಈ ನಿಯಮಗಳ ಮಟ್ಟದಲ್ಲಿ. ಹಾಗಾಗಿ ನಮೂನೆಯ ಹೆಸರು ಬದಲಾಗಬಹುದು, ರಿಟರ್ನ್ ಸಲ್ಲಿಸುವ ಪೋರ್ಟಲ್ ಬದಲಾಗಬಹುದು. ಹಾಜರಿ ಬರೆಯುವುದು, ಪಗಾರ ಚೀಟಿ ಕೊಡುವುದು ಯಾವ ಸರ್ಕಾರ ಬಂದರೂ ತಪ್ಪುವುದಿಲ್ಲ.

ಸಣ್ಣವರಿಗೆ ನೇರವಾಗಿ ತಾಗುವ ಕೆಲವು ವಿಷಯ ಹೀಗಿವೆ.

ನೇಮಕಾತಿ ಪತ್ರ ಕೊಡಬೇಕು. ನಮ್ಮ ಅಂಗಡಿ ಕಾಯ್ದೆಯಲ್ಲೂ ಇದು ಮೊದಲಿನಿಂದ ಇತ್ತು, ಪಾಲಿಸಿದವರು ಕಡಿಮೆ. ಒಂದು ಪುಟ ಸಾಕು. ಹೆಸರು, ಕೆಲಸ, ಸೇರಿದ ದಿನ, ವೇತನ, ಕೆಲಸದ ಸಮಯ, ವಾರದ ಸೂಟಿ ಇಷ್ಟು ಬರೆದು ಇಬ್ಬರೂ ಸಹಿ ಹಾಕಿ. ಕೆಲಸಗಾರರಿಗೆ ಓದಲು ಬರುವ ಭಾಷೆಯಲ್ಲೇ ಬರೆಯಿರಿ. ಉರ್ದು ಅಥವಾ ಮರಾಠಿ ಮಾತ್ರ ಓದುವವರಿದ್ದರೆ ಆ ಭಾಷೆಯಲ್ಲೂ ಒಂದು ಪ್ರತಿ ಮಾಡಿಸಿಕೊಡುವುದು ಒಳ್ಳೆಯದು.

ಪಗಾರದ ದಿನ. ತಿಂಗಳ ಪಗಾರದವರಿಗೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ದಿನಗೂಲಿಯವರಿಗೆ ಆ ದಿನದ ಕೆಲಸ ಮುಗಿದಾಗ. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಟ್ಟು ಮುಗಿಸಬೇಕು. “ಹಬ್ಬ ಆದ ಮೇಲೆ ಬಾ, ಲೆಕ್ಕ ಮಾಡೋಣ” ಎನ್ನುವ ರೂಢಿಗೆ ಇಲ್ಲಿ ಜಾಗ ಇಲ್ಲ.

ವೇತನದ ಅರ್ಥ. ಮೂಲ ವೇತನ ಕಡಿಮೆ ತೋರಿಸಿ, ಉಳಿದದ್ದನ್ನು ಮನೆ ಬಾಡಿಗೆ, ಓಡಾಟ ಅಂತ ಭತ್ಯೆಗಳಲ್ಲಿ ಹಾಕುವ ಪದ್ಧತಿ ಇತ್ತು. ಈಗ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಮ್ಯಾನೇಜರ್ ಒಬ್ಬರಿಗೆ ಒಟ್ಟು 30,000 ಕೊಡುತ್ತೀರಿ, ಅದರಲ್ಲಿ ಮೂಲ 10,000, ಭತ್ಯೆ 20,000 ಎಂದಿಟ್ಟುಕೊಳ್ಳಿ. ಅರ್ಧ ಅಂದರೆ 15,000. ಭತ್ಯೆ 5,000 ಮೀರಿದೆ. ಅದು ವೇತನಕ್ಕೆ ಸೇರಿ ವೇತನ 15,000 ಆಗುತ್ತದೆ. ಗ್ರಾಚ್ಯುಟಿ ಲೆಕ್ಕ ಹಾಕುವಾಗ ಈ 15,000 ಹಿಡಿಯಬೇಕು. ಪಿಎಫ್ ಅನ್ನು 15,000ದ ಮಿತಿಯ ಮೇಲೆ ಈಗಾಗಲೇ ಕಟ್ಟುತ್ತಿದ್ದರೆ ಅಲ್ಲಿ ಏನೂ ಬದಲಾಗುವುದಿಲ್ಲ.

ಗ್ರಾಚ್ಯುಟಿಯ ಲೆಕ್ಕ ಕಷ್ಟದ್ದಲ್ಲ. ಕೊನೆಯ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 15,000 ವೇತನದಲ್ಲಿ ಹತ್ತು ವರ್ಷ ದುಡಿದವರಿಗೆ 86,538 ರೂಪಾಯಿ ಬರುತ್ತದೆ. ಸಾಮಾನ್ಯವಾಗಿ ಐದು ವರ್ಷ ಸೇವೆ ಬೇಕು. ಇಂತಿಷ್ಟು ಅವಧಿಗೆ ಅಂತ ಕರಾರು ಮಾಡಿ ತಗೊಂಡವರಿಗೆ ಒಂದು ವರ್ಷವಾದರೂ ಸಾಕು, ಇದು ಹೊಸದು. ತೊಗರಿ ಹಂಗಾಮಿಗೆ ಬರುವವರ ಬಗ್ಗೆ ಬಹಳ ಮಾಲೀಕರು ಕೇಳುತ್ತಾರೆ. ಅವರನ್ನು ಯಾವ ಕರಾರಿನ ಮೇಲೆ, ಎಷ್ಟು ದಿನಕ್ಕೆ ಇಟ್ಟುಕೊಂಡಿದ್ದೀರಿ ಎಂಬುದು ಕಾಗದದಲ್ಲಿ ಇಲ್ಲದಿದ್ದರೆ ಮುಂದೆ ಲೆಕ್ಕ ಮಾಡುವುದೇ ಆಗುವುದಿಲ್ಲ. ಇನ್ನೊಂದು ಮಾತು: ಗ್ರಾಚ್ಯುಟಿ ಒಮ್ಮೆ ಅನ್ವಯವಾದ ಮೇಲೆ ಕೆಲಸಗಾರರು ಹತ್ತಕ್ಕಿಂತ ಕಡಿಮೆಯಾದರೂ ಅದು ಬಿಡುವುದಿಲ್ಲ. ಹಾಗಾಗಿ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಎತ್ತಿಡಿ, ಅಥವಾ ವಿಮೆ ಮಾಡಿಸಿ.

300 ಜನರ ಮಿತಿ, ಸ್ಥಾಯಿ ಆದೇಶ (ಕೆಲಸದ ಷರತ್ತುಗಳ ಲಿಖಿತ ನಿಯಮ), ಘಟಕ ಮುಚ್ಚಲು ಅನುಮತಿ ಇವೆಲ್ಲ ಟಿವಿಯಲ್ಲಿ ಬಹಳ ಚರ್ಚೆಯಾದವು. ಇಪ್ಪತ್ತು ಮೂವತ್ತು ಜನರ ಘಟಕಕ್ಕೆ ಅದರ ತಲೆನೋವು ಇಲ್ಲ.

ಅಂಗಡಿ ಕಾಯ್ದೆ ಇನ್ನೂ ಇದೆ

ಸಂಹಿತೆ ಬಂದ ಮೇಲೆ ಎಲ್ಲಾ ಹಳೆ ಕಾಯ್ದೆ ಹೋದವು ಎಂದು ತುಂಬ ಜನ ನಂಬಿದ್ದಾರೆ. ಹೋದದ್ದು ಕೇಂದ್ರದ 29. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಾಜ್ಯದ್ದು, ಅದು ಅದರ ಜಾಗದಲ್ಲೇ ಇದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಯಿಂದ ಬೀದರ್‌ನ ಮೊಬೈಲ್ ಅಂಗಡಿವರೆಗೆ ಮೊದಲು ನೋಡಬೇಕಾದ್ದು ಇದನ್ನೇ.

ವ್ಯಾಪಾರ ಶುರುವಾದ 30 ದಿನದೊಳಗೆ ನೋಂದಣಿ, ಐದು ವರ್ಷಕ್ಕೊಮ್ಮೆ ನವೀಕರಣ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಐದು ಗಂಟೆ ಒಂದೇ ಸಮ ದುಡಿಸಿದ ಮೇಲೆ ಒಂದು ಗಂಟೆ ಬಿಡುವು. ಹೆಚ್ಚಿನ ಸಮಯಕ್ಕೆ ಎರಡು ಪಟ್ಟು ಕೂಲಿ. ವಾರಕ್ಕೊಂದು ಸೂಟಿ. ಇಪ್ಪತ್ತು ದಿನ ಕೆಲಸಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ. ಆರು ತಿಂಗಳು ದುಡಿದವರನ್ನು ಬಿಡಿಸಬೇಕಾದರೆ ಒಂದು ತಿಂಗಳ ನೋಟಿಸ್, ಇಲ್ಲವೇ ಆ ತಿಂಗಳ ಪಗಾರ.

ಹಬ್ಬದ ಸೂಟಿಗೆ 1963ರ ಬೇರೆ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಕಡ್ಡಾಯ. ಅದರ ಜತೆ ಹಬ್ಬದ ರಜೆಗಳೂ ಇವೆ. ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು, ದೀಪಾವಳಿ, ರಮ್ಜಾನ್ ಇವುಗಳಲ್ಲಿ ಯಾವುದನ್ನು ಸೇರಿಸಬೇಕೆಂದು ವರ್ಷದ ಮೊದಲಲ್ಲೇ ಕೆಲಸಗಾರರ ಜತೆ ಕೂತು ಬರೆದುಕೊಳ್ಳಿ. ಚುನಾವಣೆಯ ಮತದಾನದ ದಿನವೂ ಮತದಾರರಾದ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡಬೇಕು, ಅದು ಜನಪ್ರತಿನಿಧಿ ಕಾಯ್ದೆಯ ಮಾತು.

ಉಚಲ್ ಕೊಡುವ ಮುಂಚೆ

ನಮ್ಮ ಭಾಗದಲ್ಲಿ ಕೆಲಸಕ್ಕೆ ಸೇರುವಾಗ ಉಚಲ್, ಅಂದರೆ ಮುಂಗಡ ಹಣ, ಕೊಡುವುದು ಹಳೇ ಪದ್ಧತಿ. ಮಗಳ ಮದುವೆ ಇದೆ, ಆಸ್ಪತ್ರೆ ಇದೆ, ಅಂತ ಕೆಲಸಗಾರರೇ ಕೇಳುತ್ತಾರೆ. ಕೊಡುವುದರಲ್ಲಿ ತಪ್ಪಿಲ್ಲ. “ತೀರಿಸುವವರೆಗೆ ಬೇರೆ ಕಡೆ ಹೋಗುವಂತಿಲ್ಲ” ಎಂದು ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಜೈಲು ಶಿಕ್ಷೆ ಇರುವ ಅಪರಾಧ. ಯಾವ ಸರ್ಕಾರ ಬಂದರೂ ಇದು ಸಡಿಲವಾಗಿಲ್ಲ, ಆಗಬಾರದು ಕೂಡ. ಸಾಲದ ಹೆಸರಲ್ಲಿ ಮನುಷ್ಯರನ್ನು ಹಿಡಿದಿಟ್ಟುಕೊಂಡು ನಡೆಸುವ ವ್ಯಾಪಾರ ನನ್ನ ಲೆಕ್ಕದಲ್ಲಿ ವ್ಯಾಪಾರವೇ ಅಲ್ಲ.

ಸರಿಯಾದ ದಾರಿ ಇದು. ಉಚಲ್ ಮೊತ್ತ, ದಿನಾಂಕ, ತಿಂಗಳಿಗೆ ಎಷ್ಟು ಕಡಿತ ಎಂದು ಬರೆದು ಸಹಿ ಮಾಡಿಸಿ, ಒಂದು ಪ್ರತಿ ಅವರಿಗೂ ಕೊಡಿ. ಎಲ್ಲಾ ಕಡಿತ ಸೇರಿ ಆ ತಿಂಗಳ ವೇತನದ ಅರ್ಧ ಮೀರುವಂತಿಲ್ಲ. ಕೆಲಸ ಬಿಟ್ಟು ಹೋದರೆ ಉಳಿದ ಹಣ ಸಾಲವಾಗಿ ಉಳಿಯುತ್ತದೆ, ಅದನ್ನು ಕಾನೂನಿನ ದಾರಿಯಲ್ಲೇ ಕೇಳಬೇಕು. ಆಧಾರ್ ಕಾರ್ಡ್, ಪಾಸ್‌ಬುಕ್ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ವಾಪಸ್ ಕೊಟ್ಟುಬಿಡಿ.

ನಾಲ್ಕನೇ ಹೆಜ್ಜೆ: ಕಾಗದ ಇಟ್ಟುಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುತ್ತೀರಿ ಎಂದರೆ ಇದನ್ನು ನೆನಪಿಡಿ. ಕಾನೂನು ಗೊಂದಲದಲ್ಲಿರುವಾಗ ಮಾಲೀಕರನ್ನೂ ಕೆಲಸಗಾರರನ್ನೂ ಕಾಯುವುದು ಬರೆದಿಟ್ಟ ಲೆಕ್ಕ.

ವೇತನ ಸಂಹಿತೆಯಲ್ಲಿ ಎರಡು ಮಾತು ಇವೆ. ಬಾಕಿ ವೇತನಕ್ಕೆ ಕೆಲಸಗಾರರು ಮೂರು ವರ್ಷದೊಳಗೆ ದೂರು ಕೊಡಬಹುದು, ಹಿಂದೆ ಈ ಅವಧಿ ಬಹಳ ಕಡಿಮೆ ಇತ್ತು. ಎರಡನೆಯದು, ದೂರು ಬಂದರೆ ಹಣ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಕೈಯಲ್ಲಿ ನಗದು ಕೊಟ್ಟು, ಸಹಿ ಇಲ್ಲದೆ, ಚೀಟಿ ಇಲ್ಲದೆ ಇದ್ದರೆ ನಿಮ್ಮ ಮಾತು ನಿಜವೇ ಆದರೂ ನಿಲ್ಲುವುದಿಲ್ಲ. ಬ್ಯಾಂಕಿನ ಮೂಲಕ ಅಥವಾ ಫೋನ್‌ಪೇ ಮೂಲಕ ಹಾಕಿದರೆ ದಾಖಲೆ ತಾನಾಗಿ ಉಳಿಯುತ್ತದೆ. ನಗದೇ ಕೊಡಬೇಕಾದರೆ ಪಗಾರ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ.

ಇಡಬೇಕಾದವು: ಹೆಸರು ಪಟ್ಟಿ, ಹಾಜರಿ, ವೇತನ ಮತ್ತು ಕಡಿತದ ಪುಸ್ತಕ, ಓವರ್‌ಟೈಮ್ ಲೆಕ್ಕ, ರಜೆ ಲೆಕ್ಕ. ಕಂಪ್ಯೂಟರಿನಲ್ಲಿ ಇಟ್ಟರೂ ನಡೆಯುತ್ತದೆ. ಪ್ರತಿ ತಿಂಗಳು ವೇತನ ಚೀಟಿ ಕೊಡಿ, ವಾಟ್ಸಾಪಿನಲ್ಲಿ ಕಳಿಸಿದರೂ ಆಯ್ತು. ಐದು ವರ್ಷದ್ದು ಇಟ್ಟುಕೊಳ್ಳಿ. ಇಷ್ಟೆಲ್ಲ ಬರೆಯಲು ಯಾರಿಗೆ ಪುರುಸೊತ್ತಿದೆ ಎನ್ನುತ್ತೀರಿ, ಗೊತ್ತು. ಹತ್ತು ಜನರ ಹಾಜರಿ ಬರೆಯಲು ದಿನಕ್ಕೆ ಐದು ನಿಮಿಷ ಸಾಕು. ವರ್ಷದ ಕೊನೆಯಲ್ಲಿ ಎಲ್ಲಾ ಒಮ್ಮೆಲೇ ತುಂಬಿಸಲು ಕೂತರೆ ಅದು ಸುಳ್ಳು ದಾಖಲೆ ಆಗುತ್ತದೆ, ತಪಾಸಣೆ ಮಾಡುವವರಿಗೆ ಒಂದೇ ಪೆನ್ನಿನ ಮಸಿ ನೋಡಿದರೆ ತಿಳಿಯುತ್ತದೆ.

ತಪಾಸಣೆಗೆ ಬಂದವರನ್ನು ಕಂಡು ಹೆದರಬೇಡಿ. ಗುರುತಿನ ಚೀಟಿ ನೋಡಿ, ಕೂರಿಸಿ, ಪುಸ್ತಕ ತೋರಿಸಿ. ವೇತನ ಸಂಹಿತೆಯಲ್ಲಿ ಪುಸ್ತಕ ಇಡದಂಥ ಕೆಲವು ತಪ್ಪುಗಳಿಗೆ ಕೇಸು ಹಾಕುವ ಮುಂಚೆ, ತಪ್ಪು ತಿದ್ದಿಕೊಳ್ಳಲು ಲಿಖಿತ ಆದೇಶ ಕೊಟ್ಟು ಸಮಯ ಕೊಡಬೇಕು ಎಂದಿದೆ. ಆ ಸಮಯದೊಳಗೆ ತಿದ್ದಿಕೊಂಡರೆ ಅಲ್ಲಿಗೆ ಮುಗಿಯುತ್ತದೆ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಆ ಅವಕಾಶ ಇಲ್ಲ. ಕಡಿಮೆ ವೇತನ ಕೊಟ್ಟದ್ದಕ್ಕೆ 50,000 ರೂಪಾಯಿವರೆಗೆ, ಪುಸ್ತಕ ಇಡದಿದ್ದರೆ 10,000ದವರೆಗೆ ದಂಡ ಇದೆ. ಎರಡನೇ ಸಲ ಕಡಿಮೆ ಕೊಟ್ಟು ಸಿಕ್ಕರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಏನೇ ಹೇಳಲಿ, ಬರವಣಿಗೆಯಲ್ಲಿ ಕೇಳಿ. ಬಾಯಿ ಮಾತಿನಲ್ಲಿ ಯಾವ ದಂಡವನ್ನೂ ಕಟ್ಟಬೇಡಿ.

ಕೋರ್ಟಿನಲ್ಲಿರುವ ವಿಷಯ ಏನು ಮಾಡೋದು?

ಇದಕ್ಕೆ ಮುಟ್ಟಿನ ರಜೆ ಒಳ್ಳೆಯ ಉದಾಹರಣೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು, ನವೆಂಬರ್‌ನಲ್ಲಿ ಆದೇಶ ಬಂತು. 18ರಿಂದ 52 ವರ್ಷದ ಕೆಲಸಗಾರ್ತಿಯರಿಗೆ ತಿಂಗಳಿಗೆ ಒಂದು, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ಅಂಗಡಿ ಕಾಯ್ದೆಯಡಿ ನೋಂದಾಯಿಸಿದವರೂ ಅದರಲ್ಲಿ ಸೇರಿದ್ದಾರೆ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದಾಗ, 2025ರ ಡಿಸೆಂಬರ್ 9ರಂದು ತಡೆಯಾಜ್ಞೆ ಬಂತು, ಅದೇ ದಿನ ವಾಪಸೂ ಆಯಿತು. ಬೆಳಗಿನ ಸುದ್ದಿ ನೋಡಿ “ರಜೆ ರದ್ದು” ಎಂದು ಬೋರ್ಡಿಗೆ ಬರೆದವರು ಸಂಜೆಗೆ ಅಳಿಸಬೇಕಾಯಿತು.

ಇಂಥ ಹೊತ್ತಿನಲ್ಲಿ ನನ್ನ ಸಲಹೆ ಹೀಗಿದೆ. ತಡೆ ಇಲ್ಲದಿದ್ದರೆ ಆದೇಶ ಪಾಲಿಸಿ. ಕೇಸು ಇದೆ ಎಂಬುದು ಪಾಲಿಸದಿರಲು ಕಾರಣ ಆಗುವುದಿಲ್ಲ. ರಜೆ ಕೊಟ್ಟು ಆಮೇಲೆ ಆದೇಶ ಬಿದ್ದುಹೋದರೆ ನಿಮಗೆ ಹೋಗುವುದು ಕೆಲವು ದಿನದ ಕೂಲಿ. ಕೊಡದೆ ಇದ್ದು ಆದೇಶ ನಿಂತರೆ ಬಾಕಿ, ದೂರು, ಮನಸ್ತಾಪ ಎಲ್ಲಾ ಒಟ್ಟಿಗೆ ಬರುತ್ತವೆ. ಮೇಲಾಗಿ, ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ನಿಂತು ಬೇಳೆ ಹಸನು ಮಾಡುವ ಹೆಣ್ಣುಮಗಳಿಗೆ ತಿಂಗಳಿಗೆ ಒಂದು ದಿನ ವಿಶ್ರಾಂತಿ ಸಿಗುವುದು ನ್ಯಾಯವೇ. ರಜೆ ಕೇಳಲು ನಾಚುವವರು ಇರುತ್ತಾರೆ. ಕಾರಣ ಕೇಳದೆ ರಜೆ ಪುಸ್ತಕದಲ್ಲಿ ಒಂದು ಗುರುತು ಹಾಕುವ ಪದ್ಧತಿ ಮಾಡಿ.

ಕೆಲಸಗಾರರಿಗೂ ಹೇಳಿ

ಗೊಂದಲ ಮಾಲೀಕರಿಗೆ ಮಾತ್ರ ಇರುವುದಿಲ್ಲ. “ಕೈಗೆ ಬರೋ ಪಗಾರ ಕಡಿಮೆ ಆಗ್ತದಂತ್ರೀ ಸಾಹುಕಾರ್ರೆ” ಎಂದು ಅವರೂ ಹೆದರಿರುತ್ತಾರೆ. ಪಗಾರದಲ್ಲಿ ಏನಾದರೂ ಬದಲಾಗುವುದಿದ್ದರೆ ಒಂದು ತಿಂಗಳು ಮುಂಚೆಯೇ ಎಲ್ಲರನ್ನೂ ಕೂರಿಸಿ, ಹಳೇ ಚೀಟಿ ಹೊಸ ಚೀಟಿ ಪಕ್ಕ ಪಕ್ಕ ಇಟ್ಟು ತೋರಿಸಿ. ಪಿಎಫ್ ಕಡಿತ ಆದರೆ ಅದು ಎಲ್ಲಿಗೆ ಹೋಗುತ್ತದೆ, ಫೋನಿನಲ್ಲಿ ಹೇಗೆ ನೋಡುವುದು ಎಂದು ಒಬ್ಬ ಹುಡುಗನಿಂದ ಎಲ್ಲರಿಗೂ ತೋರಿಸಿ. ಹೆಚ್ಚಿನ ಜಗಳಗಳು ಲೆಕ್ಕ ತೋರಿಸದೆ ಇದ್ದದ್ದರಿಂದ ಶುರುವಾಗುತ್ತವೆ.

ಯಾರನ್ನು ಕೇಳಬೇಕು?

ವೇತನ, ಅಂಗಡಿ ನೋಂದಣಿಗೆ ಸಂಬಂಧಪಟ್ಟಂತೆ ಜಿಲ್ಲೆಯ ಕಾರ್ಮಿಕ ಅಧಿಕಾರಿ ಮತ್ತು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರು. ಇಲಾಖೆಯ ಸಹಾಯವಾಣಿ 155214. ಪಿಎಫ್‌ಗೆ ಕಲಬುರಗಿಯಲ್ಲಿ ಪ್ರಾದೇಶಿಕ ಕಚೇರಿ ಇದೆ. ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು, ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಾಳೆ ಯಾರಾದರೂ ಕೇಳಿದರೆ, ತಿಳಿದುಕೊಳ್ಳಲು ಪ್ರಯತ್ನ ಮಾಡಿದ್ದೆ ಎಂದು ತೋರಿಸಲು ಆ ಮುದ್ರೆ ಬೇಕಾಗುತ್ತದೆ. ಒಂದೇ ಪ್ರಶ್ನೆ ಹತ್ತು ಅಂಗಡಿಯವರಿಗೆ ಇದ್ದರೆ ನಿಮ್ಮ ವರ್ತಕರ ಸಂಘದ ಅಥವಾ ಚೇಂಬರ್ ಆಫ್ ಕಾಮರ್ಸ್ ಮೂಲಕ ಒಟ್ಟಿಗೆ ಕೇಳಿ, ಉತ್ತರ ಬೇಗ ಬರುತ್ತದೆ. ಕರಡು ಅಧಿಸೂಚನೆಗೆ ಆಕ್ಷೇಪಣೆ ಕೊಡಲು ಅವಧಿ ಇರುತ್ತದೆ, ಸಾಮಾನ್ಯವಾಗಿ ಅದನ್ನು ಬೆಂಗಳೂರಿನವರೇ ಬಳಸಿಕೊಳ್ಳುತ್ತಾರೆ. ನಮ್ಮ ಕಡೆಯ ಬಾಡಿಗೆ, ಲಾಭ, ಹಂಗಾಮು ಎಲ್ಲಾ ಬೇರೆ. ಅದನ್ನು ಬರೆದು ಕಳಿಸಬೇಕಾದವರು ನಾವೇ.

ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ರಾಜ್ಯ ಸರ್ಕಾರಿ ಕಚೇರಿಗಳ ಸಮಯ ಆಗ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಇರುತ್ತದೆ. ಅಂಗಡಿ ತೆರೆಯುವ ಮುಂಚೆಯೇ ಹೋಗಿ ಕೆಲಸ ಮುಗಿಸಿಕೊಂಡು ಬರಬಹುದು.